ಕಾಲುವೆ ಬಯಲಿನ ಮೀನು ಹೊಂಡಗಳಲ್ಲಿ ಕೆಂಪು ಹುಣ್ಣು, ಹೊಟ್ಟೆಯುಬ್ಬರ: ದೋಷ ನಿವಾರಣೆ ಕೈಪಿಡಿ

ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್, ಪಂಗಾಸಿಯಸ್, ರೂಪ್‌ಚಂದ್ ಸಾಕುವವರ ದೂರು ಹೆಚ್ಚುಕಡಿಮೆ ಒಂದೇ ತರಹದ್ದು. ಹಾಕಿದ ಮೇವು ಉಳಿಯುತ್ತದೆ. ನಾಲ್ಕಾರು ಮೀನು ದಂಡೆಗೆ ಬಂದು ಮಂಕಾಗಿ ನಿಲ್ಲುತ್ತವೆ. ಹೊಟ್ಟೆಯ ಕೆಳಗೆ, ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿದಂತೆ ಕೆಂಪಾಗುತ್ತದೆ. ಕೆಲವಕ್ಕೆ ಹೊಟ್ಟೆ ಉಬ್ಬಿ ಹುರುಪೆ ಎದ್ದು ನಿಲ್ಲುತ್ತದೆ. ಎರಡು ಮೂರು ದಿನದಲ್ಲಿ ಸತ್ತ ಮೀನು ತೇಲತೊಡಗುತ್ತವೆ. ಅಷ್ಟರಲ್ಲಿ ಅಂಗಡಿಯಿಂದ ಒಂದು ಆ್ಯಂಟಿಬಯೋಟಿಕ್ ಪುಡಿ, ಒಂದು ಚೀಲ ಸುಣ್ಣ ಬಂದಿರುತ್ತದೆ. ಅರ್ಧಕ್ಕರ್ಧ ನಷ್ಟ ಆಗುವುದು ಈ ಹಂತದಲ್ಲಿಯೇ, ಕಾರಣ ತಿಳಿಯುವ ಮೊದಲೇ ಮದ್ದು ಬಿದ್ದಿರುತ್ತದೆ.

ಈ ಲಕ್ಷಣಗಳ ಹಿಂದೆ ಸಾಮಾನ್ಯವಾಗಿ ಇರುವುದು ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ. ಇದು ಹೊರಗಿನಿಂದ ಬಂದ ಶತ್ರುವಲ್ಲ. ಪ್ರತಿ ಹೊಂಡದ ನೀರಿನಲ್ಲಿ, ತಳದ ಕೆಸರಿನಲ್ಲಿ, ಗಟ್ಟಿಮುಟ್ಟಾದ ಮೀನಿನ ಕರುಳಿನಲ್ಲೂ ಸದಾ ಇರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ನಿನ್ನೆಯವರೆಗೆ ಇದೇ ಬ್ಯಾಕ್ಟೀರಿಯಾ ಜೊತೆ ಬದುಕಿದ್ದ ಮೀನು ಇಂದು ಸೋತದ್ದು ಏಕೆ? ಅದರ ರಕ್ಷಣೆ ಯಾವ ಜಾಗದಲ್ಲಿ ಮುರಿಯಿತು? ಆ ಜಾಗ ಸಿಗದೆ ಮದ್ದು ಹಾಕಿದರೆ ಸಾವು ನಾಲ್ಕು ದಿನ ನಿಂತು ಮತ್ತೆ ಶುರುವಾಗುತ್ತದೆ.

ಮೀನಿನ ರಕ್ಷಣೆ ಎಲ್ಲಿದೆ, ಎಲ್ಲಿ ಮುರಿಯುತ್ತದೆ

ಮೊದಲ ಗೋಡೆ ಮೈಮೇಲಿನ ಲೋಳೆ. ಅದರಲ್ಲಿ ಬ್ಯಾಕ್ಟೀರಿಯಾದ ಹೊರಕವಚ ಕರಗಿಸುವ ಲೈಸೋಝೈಮ್, ಒಂದಿಷ್ಟು ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನ್) ಇರುತ್ತವೆ. ಬಲೆಯಲ್ಲಿ ಉಜ್ಜಿದಾಗ, ಒಣ ಕೈಯಲ್ಲಿ ಹಿಡಿದಾಗ, ಮೀನುಹೇನು ಕಚ್ಚಿದಾಗ ಈ ಲೋಳೆ ಹರಿಯುತ್ತದೆ. ಒಳಗೆ ದಾಟಿದ ಬ್ಯಾಕ್ಟೀರಿಯಾವನ್ನು ನುಂಗುವ ಬಿಳಿರಕ್ತಕಣಗಳು ಎರಡನೆಯ ಕಾವಲು. ಮೀನಿಗೆ ನಮ್ಮಂತೆ ಮೂಳೆಮಜ್ಜೆಯಲ್ಲಿ ಈ ಕಣಗಳು ತಯಾರಾಗುವುದಿಲ್ಲ. ಮೂತ್ರಪಿಂಡದ ತಲೆಯ ಕಡೆಯ ಭಾಗ ಮತ್ತು ಗುಲ್ಮ (ಸ್ಪ್ಲೀನ್) ಆ ಕೆಲಸ ಮಾಡುತ್ತವೆ. ಮೀನು ಕೊಯ್ದಾಗ ಈ ಎರಡು ಅಂಗಗಳನ್ನು ಮೊದಲು ನೋಡಬೇಕು ಎನ್ನುವುದು ಇದಕ್ಕೇ. ಮೂರನೆಯದು ಪ್ರತಿಕಾಯ. ಅದು ಬೆಚ್ಚಗಿನ ನೀರಿನಲ್ಲೂ ತಕ್ಕಮಟ್ಟಿಗೆ ತಯಾರಾಗಲು ಎರಡು ಮೂರು ವಾರ ಬೇಕು, ನೀರು ತಣ್ಣಗಿದ್ದರೆ ಇನ್ನೂ ತಡ. ಅಂದರೆ ರೋಗ ಕಾಣಿಸಿದ ಮೊದಲ ವಾರ ಮೀನು ಲೋಳೆ ಮತ್ತು ಬಿಳಿರಕ್ತಕಣಗಳ ಬಲದ ಮೇಲೆಯೇ ನಿಂತಿರುತ್ತದೆ.

ಆಮ್ಲಜನಕ ಕಡಿಮೆಯಾದಾಗ, ಅಮೋನಿಯಾ ಏರಿದಾಗ, ಬಲೆ ಎಳೆದಾಗ ಮೀನಿನ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಅದು ಏರಿದ ಹೊತ್ತಿನಲ್ಲಿ ಬಿಳಿರಕ್ತಕಣಗಳ ಸಂಖ್ಯೆಯೂ ಚುರುಕೂ ಇಳಿಯುತ್ತವೆ. ರಾತ್ರಿ ಆಮ್ಲಜನಕ ಕುಸಿದ ಹೊಂಡದಲ್ಲಿ ಮೀನು ಅಂದೇ ಸಾಯದೆ, ನಾಲ್ಕೈದು ದಿನ ಬಿಟ್ಟು ಹುಣ್ಣಾಗಿ ಸಾಯುವುದು ಹೀಗೆ. ಆದ್ದರಿಂದ ರೋಗ ಕಂಡ ದಿನದ ನೀರಿನಷ್ಟೇ ಹಿಂದಿನ ಒಂದು ವಾರದ ಸಂಗತಿಯೂ ಮುಖ್ಯ. ಯಾವತ್ತು ಬಲೆ ಎಳೆದಿರಿ, ಯಾವತ್ತು ಮೋಡ ಕವಿದಿತ್ತು, ಯಾವತ್ತು ಮೇವಿನ ಚೀಲ ಬದಲಾಯಿತು, ಪಕ್ಕದ ಗದ್ದೆಗೆ ಯಾವಾಗ ಔಷಧಿ ಹೊಡೆದರು ಎಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಕಾರಣ ತಿಳಿಯುವವರೆಗೆ ಮಾಡಬಾರದ್ದು

ಸುಣ್ಣ ಎರಚಬೇಡಿ, ಇದರ ಕಾರಣ ಮುಂದೆ ವಿವರವಾಗಿ ಇದೆ. ಎಳೆಬಲೆ ಹಾಕಬೇಡಿ, ಮಾದರಿಗೆ ಬೀಸುಬಲೆ ಸಾಕು. ಕಾಲುವೆಯ ನೀರನ್ನು ಪರೀಕ್ಷಿಸದೆ ತೂಬು ಎತ್ತಬೇಡಿ. ಬಸಿಗಾಲುವೆಯ ನೀರನ್ನಂತೂ ಬಿಡಲೇಬೇಡಿ, ಭತ್ತದ ಗದ್ದೆಯ ಔಷಧಿಯೆಲ್ಲ ಅದರಲ್ಲಿ ಬರುತ್ತದೆ. ಮೇವನ್ನು ಅಂದೇ ಅರ್ಧಕ್ಕೆ ಇಳಿಸಿ. ಮೀನು ತಿನ್ನದೆ ಬಿಟ್ಟಿದ್ದರೆ ಪೂರ್ತಿ ನಿಲ್ಲಿಸಿ. ಎರಡು ದಿನದ ಉಪವಾಸದಿಂದ ಬೆಳೆದ ಗೆಂಡೆ ಮೀನು (ಕಾಟ್ಲಾ, ರೋಹು, ಮೃಗಾಲ್) ಸಾಯುವುದಿಲ್ಲ, ಕೊಳೆತ ಮೇವಿನಿಂದ ಸಾಯುತ್ತದೆ.

ಸಾವಿನ ರೀತಿ ಏನು ಹೇಳುತ್ತದೆ

ಬೆಳಗಿನ ಜಾವ ಒಮ್ಮೆಗೇ ಸತ್ತು, ಹೊತ್ತು ಏರುತ್ತಿದ್ದಂತೆ ಸಾವು ನಿಂತರೆ ಅದು ಆಮ್ಲಜನಕದ ಕೊರತೆ. ದೊಡ್ಡ ಮೀನು, ಅದರಲ್ಲೂ ಕಾಟ್ಲಾ ಮೊದಲು ಹೋಗುತ್ತದೆ, ಬಾಯಿ ತೆರೆದಿರುತ್ತದೆ, ಮೈಮೇಲೆ ಹುಣ್ಣಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಎಲ್ಲ ಜಾತಿ, ಎಲ್ಲ ಗಾತ್ರದ ಮೀನು, ಕಳೆಮೀನು, ಸಿಗಡಿ, ನೀರಹುಳು ಕೂಡ ಸತ್ತರೆ ವಿಷ ಎಂದು ತಿಳಿಯಿರಿ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಇವತ್ತು ಐದು, ನಾಳೆ ಹನ್ನೆರಡು, ನಾಡಿದ್ದು ಮೂವತ್ತು ಎಂದು ಏರುತ್ತ ಹೋದರೆ, ಹಗಲು ರಾತ್ರಿ ಎನ್ನದೆ ಸತ್ತರೆ ಬ್ಯಾಕ್ಟೀರಿಯಾ ರೋಗ. ರೋಹು ಮಾತ್ರ ಕಂಬಕ್ಕೆ, ದಂಡೆಗೆ ಮೈ ಉಜ್ಜುತ್ತ ಕೆಂಪು ಚುಕ್ಕೆ ತೋರಿಸಿದರೆ ಹೇನಿನಿಂದ ಹುಡುಕಾಟ ಶುರುಮಾಡಿ. ಮರಿ ಬಿಟ್ಟ ಮೂರು ನಾಲ್ಕು ದಿನದೊಳಗೆ ಸಾಯತೊಡಗಿದರೆ ಸಾಗಾಣಿಕೆಯಲ್ಲಿ ಆದ ಗಾಯ ಅಥವಾ ನೀರಿನ ಬಿಸಿ ಹೊಂದಿಸದೆ ಬಿಟ್ಟದ್ದು ಕಾರಣ ಇರಬಹುದು.

ನೀರಿನ ಅಳತೆ: ದಿನಕ್ಕೆ ಎರಡು ಸಲ

ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ. ಹತ್ತು ಗಂಟೆಗೆ ಒಂದೇ ಸಲ ಅಳೆದು ಎಲ್ಲ ಸರಿಯಿದೆ ಎನ್ನುವುದು ದೊಡ್ಡ ತಪ್ಪು, ಆ ಹೊತ್ತಿಗೆ ಆಮ್ಲಜನಕ ಏರಿರುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇನ್ನೂ ಏರಿರುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಾಕು: ಕರಗಿದ ಆಮ್ಲಜನಕ, ಪಿಎಚ್, ಒಟ್ಟು ಅಮೋನಿಯಾ, ನೈಟ್ರೈಟ್, ಕ್ಷಾರೀಯತೆ (ಪಿಎಚ್ ಏರುಪೇರು ತಡೆಯುವ ನೀರಿನ ಶಕ್ತಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ). ಜೊತೆಗೆ ಒಂದು ಥರ್ಮಾಮೀಟರ್. ನೀರನ್ನು ಮೇಲಿನಿಂದ ತುಂಬಿಕೊಳ್ಳದೆ, ಕೋಲಿಗೆ ಕಟ್ಟಿದ ಬಾಟಲಿಯನ್ನು ತಳದಿಂದ ಒಂದಡಿ ಮೇಲಕ್ಕೆ ಇಳಿಸಿ ತುಂಬಿ.

ಮುಂಜಾನೆ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಮೇಲೆ ಇರಬೇಕು. 3ಕ್ಕಿಂತ ಕೆಳಗೆ ದಿನವೂ ಇಳಿಯುತ್ತಿದ್ದರೆ ಕಾರಣ ಅರ್ಧ ಸಿಕ್ಕಂತೆ. ನೈಟ್ರೈಟ್ 0.5ಕ್ಕಿಂತ ಮೇಲಿದ್ದು ಕಿವಿರು, ರಕ್ತ ಕಂದು ಬಣ್ಣಕ್ಕೆ ತಿರುಗಿದ್ದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡಿದೆ. ಇದಕ್ಕೆ ಅಡುಗೆ ಉಪ್ಪೇ ಮದ್ದು. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಬೇಕು. ಒಂದು ಎಕರೆ, ಐದಡಿ ಆಳದ ಹೊಂಡದಲ್ಲಿ ಸುಮಾರು 6,000 ಘನ ಮೀಟರ್ ನೀರಿರುತ್ತದೆ. ಅದರಲ್ಲಿ 1 ಮಿಲಿಗ್ರಾಂ ನೈಟ್ರೈಟ್ ಇದ್ದರೆ ಸುಮಾರು 100 ಕಿಲೋ ಉಪ್ಪು. ಬೋರ್‌ವೆಲ್ ನೀರು ಮೊದಲೇ ಸವುಳಾಗಿದ್ದರೆ ಅಷ್ಟು ಬೇಕಾಗುವುದಿಲ್ಲ.

ಎರೆ ಭೂಮಿಯಲ್ಲಿ ಸುಣ್ಣ ಏಕೆ ಕೊಲ್ಲುತ್ತದೆ

ರಾಯಚೂರು, ಸಿರುಗುಪ್ಪ, ಸಿಂಧನೂರು ಭಾಗದ ಎರೆ ಮಣ್ಣು ತಾನೇ ಕ್ಷಾರದ ಮಣ್ಣು. ಕಾಲುವೆ ನೀರು ನಿಂತು ಸವುಳಾದ ಜಮೀನಿನಲ್ಲಿ ಭತ್ತ ಬರದೆ ಹೊಂಡ ತೋಡಿದವರಂತೂ ಬಹಳ. ಇಂಥ ಹೊಂಡದ ನೀರಿನ ಪಿಎಚ್ ಮುಂಜಾನೆಯೇ 8 ದಾಟಿರುತ್ತದೆ. ಹಸಿರು ಪಾಚಿ ದಟ್ಟವಾಗಿದ್ದರೆ ಮಧ್ಯಾಹ್ನ 9ರವರೆಗೂ ಹೋಗುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿಬಿಡುತ್ತದೆ.

ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ಭಾಗ: ಮೀನಿಗೆ ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ, ಕಿವಿರನ್ನು ಸುಡುವ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಬಿಸಿ ನಿರ್ಧರಿಸುತ್ತವೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಅದು ಶೇ. 6ರಿಂದ 7. 8.5ಕ್ಕೆ ಸುಮಾರು ಶೇ. 18. 9ಕ್ಕೆ ಶೇ. 40 ದಾಟುತ್ತದೆ. ಕಿಟ್‌ನಲ್ಲಿ 1 ಮಿಲಿಗ್ರಾಂ ಕಂಡರೆ ಮುಂಜಾನೆ ವಿಷದ ಅಮೋನಿಯಾ 0.06, ಅದೇ ದಿನ ಮಧ್ಯಾಹ್ನ 0.4. ಮೀನು 0.05ರ ಒಳಗಿದ್ದರೆ ನೆಮ್ಮದಿಯಾಗಿರುತ್ತದೆ. ಇಂಥ ನೀರಿಗೆ ಸುಟ್ಟ ಸುಣ್ಣವನ್ನೋ ಅರಳಿದ ಸುಣ್ಣವನ್ನೋ ಹಾಕಿದರೆ ಪಿಎಚ್ ಇನ್ನಷ್ಟು ಏರಿ, ಇದ್ದ ಅಮೋನಿಯಂನ ಬಹುಪಾಲು ವಿಷವಾಗಿ ತಿರುಗುತ್ತದೆ. ರೋಗದಿಂದ ಹತ್ತು ಮೀನು ಸಾಯುತ್ತಿದ್ದ ಹೊಂಡದಲ್ಲಿ ಸುಣ್ಣ ಹಾಕಿದ ಸಂಜೆ ನೂರು ಸಾಯುವುದಕ್ಕೆ ಕಾರಣ ಇದು. ಆಗ ಜನ ರೋಗ ಜೋರಾಯಿತು ಎಂದುಕೊಂಡು ಮರುದಿನ ಇನ್ನೊಂದು ಚೀಲ ಹಾಕುತ್ತಾರೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಕ್ಷಾರೀಯತೆ 150 ದಾಟಿದ ನೀರಿನಲ್ಲಿ ಕೃಷಿ ಸುಣ್ಣದ ಪುಡಿ ಕರಗುವುದೂ ಇಲ್ಲ, ಕೆಲಸಕ್ಕೂ ಬರುವುದಿಲ್ಲ. ಕ್ಯಾಲ್ಸಿಯಂ ಬೇಕೇ ಬೇಕೆಂದರೆ ಜಿಪ್ಸಮ್ ಹಾಕಬಹುದು, ಅದು ಪಿಎಚ್ ಏರಿಸುವುದಿಲ್ಲ. ಸುಣ್ಣಕ್ಕೆ ಜಾಗ ಇರುವುದು ಕೊಪ್ಪಳ, ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದ ಹೊಂಡಗಳಲ್ಲಿ. ಅಲ್ಲಿ ಮಳೆನೀರೇ ತುಂಬಿಕೊಂಡಿದ್ದು ಕ್ಷಾರೀಯತೆ 50ಕ್ಕಿಂತ ಕೆಳಗಿದ್ದರೆ ಸುಣ್ಣ ನಿಜಕ್ಕೂ ಮದ್ದು. ಅಲ್ಲೂ ಅಳೆದೇ ಹಾಕಬೇಕು.

ಅಮೋನಿಯಾ ಇಳಿಸಲು ಹತ್ತು ಕಿಲೋ ಬೆಲ್ಲ ಕರಗಿಸಿ ಹಾಕುವ ರೂಢಿ ಇದೆ. ಲೆಕ್ಕ ಹಾಕಿ ನೋಡಿ: ಅಮೋನಿಯಾ ರೂಪದ 1 ಗ್ರಾಂ ಸಾರಜನಕವನ್ನು ಬ್ಯಾಕ್ಟೀರಿಯಾ ಹಿಡಿದಿಡಲು ಸುಮಾರು 20 ಗ್ರಾಂ ಪಿಷ್ಟ ಅಥವಾ ಸಕ್ಕರೆ ಬೇಕು. 6,000 ಘನ ಮೀಟರ್ ನೀರಿನಲ್ಲಿ 1 ಮಿಲಿಗ್ರಾಂ ಎಂದರೆ 6 ಕಿಲೋ ಸಾರಜನಕ, ಅದಕ್ಕೆ 120 ಕಿಲೋ ಬೆಲ್ಲ. ಹತ್ತು ಕಿಲೋದಿಂದ ಏನೂ ಆಗುವುದಿಲ್ಲ. 120 ಕಿಲೋ ಹಾಕಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಆ ರಾತ್ರಿಯ ಆಮ್ಲಜನಕವನ್ನೂ ತಿಂದುಬಿಡುತ್ತದೆ. ಮೇವು ನಿಲ್ಲಿಸಿ ನಾಲ್ಕರಲ್ಲಿ ಒಂದು ಪಾಲು ನೀರನ್ನು ತಳದಿಂದ ಹೊರಗೆ ಹಾಕಿ ಹೊಸ ನೀರು ತುಂಬುವುದೇ ನಂಬಬಹುದಾದ ದಾರಿ.

ಮೀನು ನೋಡುವ ಕ್ರಮ

ಸತ್ತು ತೇಲಿದ ಮೀನನ್ನು ನೋಡಿ ರೋಗ ಹೇಳಲಾಗದು. ನಮ್ಮ ಬಿಸಿಲಿಗೆ ಒಂದೆರಡು ಗಂಟೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತದೆ. ಅಂಥ ಮೀನನ್ನು ಪ್ರಯೋಗಾಲಯಕ್ಕೆ ಒಯ್ದರೆ ಯಾವ ಕಾರಣಕ್ಕೆ ಸತ್ತಿದ್ದರೂ ಏರೋಮೊನಾಸ್ ಸಿಗುತ್ತದೆ. ಮಂಕಾಗಿ ದಂಡೆಗೆ ಬಂದ, ಇನ್ನೂ ಉಸಿರಾಡುವ ಐದಾರು ಮೀನು ಹಿಡಿಯಿರಿ. ಹೋಲಿಸಿ ನೋಡಲು ಗಟ್ಟಿಯಾದ ಎರಡು ಮೀನು ಇರಲಿ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಏರೋಮೊನಾಸ್ ಮನುಷ್ಯರ ಗಾಯದಲ್ಲೂ ಕೀವು ಮಾಡುತ್ತದೆ.

ಮೊದಲು ಒದ್ದೆ ಕೈಯಲ್ಲಿ ಹಿಡಿದು ರೆಕ್ಕೆಯ ಬುಡ, ಕಿವಿರು ಮುಚ್ಚಳದ ಒಳಭಾಗ, ಗಂಟಲಿನ ಕೆಳಗೆ ನೋಡಿ. ಕಡಲೆಬೇಳೆಗಿಂತ ಚಿಕ್ಕದಾದ, ಚಪ್ಪಟೆ, ಅರೆಪಾರದರ್ಶಕ ಹುಳು ಸರಿದಾಡಿದರೆ ಅದು ಮೀನುಹೇನು. ದಾರದಂತೆ ನೇತಾಡಿ ಮೈಗೆ ಚುಚ್ಚಿಕೊಂಡಿದ್ದರೆ ಲಂಗರುಹುಳು. ಎರಡೂ ಮಾಡಿದ ತೂತಿನಿಂದ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಹುಳು ಉಳಿಸಿಕೊಂಡು ಹುಣ್ಣಿಗೆ ಮದ್ದು ಮಾಡಿದರೆ ಹುಣ್ಣು ಮತ್ತೆ ಮತ್ತೆ ಬರುತ್ತದೆ.

ಆಮೇಲೆ ಕಿವಿರು. ಕಡುಗೆಂಪಗಿದ್ದರೆ ಸರಿ. ಪೇಲವವಾಗಿದ್ದರೆ ರಕ್ತ ಕಳೆದಿದೆ. ಅಂಚಿನಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಕೊಳೆತ ತೇಪೆ ಇದ್ದರೆ ಕೊಲಮ್ನಾರಿಸ್ ರೋಗದ ಗುರುತು. ಬೆನ್ನಿನ ರೆಕ್ಕೆಯ ಸುತ್ತ ಬೂದು ಬಿಳಿಯ ಪಟ್ಟೆ, ಬಾಯಿಯ ಅಂಚು ಹರಿದಂತಿರುವುದು ಅದೇ ರೋಗದ ಬೇರೆ ಲಕ್ಷಣಗಳು. ಇದನ್ನು ತರುವ ಬ್ಯಾಕ್ಟೀರಿಯಾ ಫ್ಲೇವೊಬ್ಯಾಕ್ಟೀರಿಯಂ ಕೊಲಮ್ನೇರ್. ಬಿಸಿ ನೀರಿನಲ್ಲಿ, ಸಾಗಾಣಿಕೆ ಅಥವಾ ಬಲೆ ಎಳೆತದ ಮರುದಿನಗಳಲ್ಲಿ ಹೆಚ್ಚು.

ಕೊನೆಗೆ ಕೊಯ್ಯುವುದು. ಗುದದ್ವಾರದಿಂದ ಮುಂದಕ್ಕೆ ಚರ್ಮವನ್ನಷ್ಟೇ ಕತ್ತರಿಸಿ, ಕರುಳು ಹರಿಯಬಾರದು. ಹೊಟ್ಟೆಯಲ್ಲಿ ಕೆಂಪು ಅಥವಾ ಒಣಹುಲ್ಲಿನ ಬಣ್ಣದ ನೀರು, ಊದಿದ ಗುಲ್ಮ, ಮೆತ್ತಗಾಗಿ ಕರಗುವಂತಾದ ಮೂತ್ರಪಿಂಡ, ಕರುಳಿನಲ್ಲಿ ಹಳದಿ ಲೋಳೆ ಕಂಡರೆ ಏರೋಮೊನಾಸ್ ರಕ್ತಕ್ಕೆ ಸೇರಿದೆ. ಪಂಗಾಸಿಯಸ್‌ನಲ್ಲಿ ಹೊರಗೆ ಏನೂ ಕಾಣದೆ ಗುಲ್ಮ, ಮೂತ್ರಪಿಂಡ, ಲಿವರ್ ಮೇಲೆ ಸಾಬೂದಾನಿಗಿಂತ ಚಿಕ್ಕ ಬಿಳಿ ಚುಕ್ಕೆಗಳಿದ್ದರೆ ಅದು ಎಡ್ವರ್ಡ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ, ಅದಕ್ಕೆ ಬೇರೆಯೇ ಔಷಧಿ ಆಯ್ಕೆ ಬೇಕಾಗುತ್ತದೆ. ಮಾಂಸದೊಳಗೆ ಕೆಟ್ಟ ವಾಸನೆಯ ಗಾಳಿ ತುಂಬಿದ ಬಾವು ಸಿಕ್ಕರೂ ಅದೇ ಗುಂಪಿನ ಬ್ಯಾಕ್ಟೀರಿಯಾದ ಸಂಶಯ. ಲಿವರ್ ಮಣ್ಣಿನಂತೆ ಪೇಲವವಾಗಿದ್ದು ಬೇರೆಲ್ಲ ಸರಿಯಿದ್ದರೆ ಮೇವಿನ ಕಡೆ ಕಣ್ಣು ಹಾಯಿಸಿ.

ಮೈಮೇಲೆ ಆಳವಾದ ಹುಣ್ಣು, ತಲೆಬುರುಡೆ ಕಾಣುವಷ್ಟು ಕೊರೆತ ಇದ್ದೂ ಒಳಗಿನ ಅಂಗಗಳು ಬಹುಪಾಲು ಸರಿಯಾಗಿದ್ದರೆ ಅದು ಬ್ಯಾಕ್ಟೀರಿಯಾದಿಂದ ಶುರುವಾದದ್ದಲ್ಲ. ಅಫನೊಮೈಸಿಸ್ ಇನ್ವಡಾನ್ಸ್ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿಯ ಸಾಂಕ್ರಾಮಿಕ ಹುಣ್ಣುರೋಗ. ಭಾರತಕ್ಕೆ ಇದು ಬಂದದ್ದು 1988ರಲ್ಲಿ. ಕೊರಮೀನು, ಹಳ್ಳದ ಪಕ್ಕೆಮೀನುಗಳಲ್ಲಿ ಮೊದಲು ಕಾಣಿಸಿ ಆಮೇಲೆ ಗೆಂಡೆಗೆ ಹಬ್ಬುತ್ತದೆ. ಮಳೆಗಾಲ ಮುಗಿದು ಚಳಿ ಬೀಳುವಾಗ ಇದರ ಕಾಲ. ಇದಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫ್ಯಾಕ್ಸ್ ಎಂಬ ದ್ರವ ಔಷಧಿ ಇದೆ. ಒಂದು ಹೆಕ್ಟೇರ್, ಒಂದು ಮೀಟರ್ ಆಳದ ನೀರಿಗೆ 1 ಲೀಟರ್ ಎಂಬುದು ಅದರ ಪ್ರಮಾಣ. ನಮ್ಮ ಒಂದು ಎಕರೆ, ಐದಡಿ ಹೊಂಡಕ್ಕೆ ಸುಮಾರು 600 ಮಿಲಿ ಆಗುತ್ತದೆ. ಆ್ಯಂಟಿಬಯೋಟಿಕ್ ಈ ರೋಗದ ಮೂಲವನ್ನು ಮುಟ್ಟುವುದಿಲ್ಲ.

ಕಾಲದ ಪ್ರಕಾರ ಎಲ್ಲಿ ಹುಡುಕಬೇಕು

ಡಿಸೆಂಬರ್, ಜನವರಿಯಲ್ಲಿ ಆಳವಿಲ್ಲದ ಹೊಂಡದ ಮುಂಜಾನೆಯ ನೀರು 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮೀನಿನ ಪ್ರತಿಕಾಯ ತಯಾರಿ ನಿಧಾನವಾಗುತ್ತದೆ. ಫೆಬ್ರವರಿ ಕೊನೆಗೆ ಬಿಸಿಲು ಏರಿದಾಗ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಚುರುಕಾಗುತ್ತದೆ, ಮೀನಿನ ರಕ್ಷಣೆಗೆ ವಾರಗಳು ಬೇಕು. ನಡುವಿನ ಆ ಅಂತರದಲ್ಲಿಯೇ ಹುಣ್ಣು ಕಾಣಿಸುತ್ತದೆ. ಈ ಹೊತ್ತಿನಲ್ಲಿ ಗಾತ್ರ ನೋಡಲೆಂದು ಬಲೆ ಎಳೆಯುವುದು ಬೇಡ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತದೆ. ಹೊಂಡದ ಮಟ್ಟ ಇಳಿದು ಅಷ್ಟೇ ಮೀನು ಅರ್ಧ ನೀರಿನಲ್ಲಿ ಉಳಿಯುತ್ತದೆ. 25 ಡಿಗ್ರಿಯ ನೀರು ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು, 34 ಡಿಗ್ರಿಗೆ 7 ಮಾತ್ರ. ಬಿಸಿಯಲ್ಲಿ ಮೀನಿನ ಉಸಿರಾಟ ಮಾತ್ರ ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳ ರೋಗದಲ್ಲಿ ಮೊದಲು ಎಣಿಸಬೇಕಾದದ್ದು ಮೀನಿನ ಸಂಖ್ಯೆ. ಮಾರಲು ಬಂದ ಮೀನನ್ನು ಕಾಲುವೆ ನಿಲ್ಲುವ ಮುನ್ನವೇ ತೆಗೆದುಬಿಟ್ಟವರಿಗೆ ಈ ತೊಂದರೆ ಕಡಿಮೆ. ಬೋರ್‌ವೆಲ್ ನೀರು ಬಿಡುವುದಾದರೆ ಎತ್ತರದಿಂದ ಹಲಗೆಯ ಮೇಲೆ ಬೀಳುವಂತೆ ಬಿಡಿ, ನೆಲದೊಳಗಿನ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ.

ಮೇವಿನ ದೋಷ ಎಲ್ಲ ಕಾಲಕ್ಕೂ ಇದೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳ ತೌಡು ಅಗ್ಗಕ್ಕೆ ಸಿಗುತ್ತದೆ, ಆದರೆ ಎಣ್ಣೆ ತೆಗೆಯದ ತೌಡು ಕೆಲವೇ ದಿನದಲ್ಲಿ ಮುಗ್ಗುತ್ತದೆ. ಕೆಟ್ಟ ಎಣ್ಣೆ ಮೀನಿನ ಮೈಯ ವಿಟಮಿನ್ ಇ ತಿಂದುಹಾಕುತ್ತದೆ. ಶೇಂಗಾ ಹಿಂಡಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಸೇರಿ ಲಿವರ್ ಹಾಳಾಗುತ್ತದೆ, ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಬೂಸ್ಟನ್ನು ಕೊಡವಿ ಬಿಸಿಲಿಗೆ ಹಾಕಿದರೆ ವಿಷ ಹೋಗುವುದಿಲ್ಲ. ಅಂಥ ಹಿಂಡಿಯನ್ನು ಎಸೆಯಬೇಕು.

ನಿವಾರಣೆ: ಯಾವುದರ ನಂತರ ಯಾವುದು

ಮೊದಲು ಉಸಿರು. ರಾತ್ರಿ ಹನ್ನೆರಡರಿಂದ ಬೆಳಗಿನವರೆಗೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ತಿರುಗಲೇಬೇಕು. ತ್ರೀಫೇಸ್ ಕರೆಂಟ್ ಹಗಲು ಪಾಳಿಗೆ ಬಿದ್ದ ವಾರ ಡೀಸೆಲ್ ಎಂಜಿನ್‌ನಿಂದ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಿ. ಎರಡನೆಯದು ಮೇಲೆ ಹೇಳಿದಂತೆ ತಳದ ನೀರು ಬದಲಿಸುವುದು. ಸಾವು ಬರೀ ಹತ್ತಿಪ್ಪತ್ತರ ಒಳಗಿದ್ದಾಗ ಈ ಎರಡೇ ಕೆಲಸ, ಮೇವಿನ ಕಡಿತದ ಜೊತೆ, ಬಹಳ ಹೊಂಡಗಳನ್ನು ಉಳಿಸುತ್ತವೆ.

ಹೇನು ಸಿಕ್ಕಿದ್ದರೆ ಹುಣ್ಣಿನ ಮದ್ದಿಗೂ ಮುಂಚೆ ಅದನ್ನು ತೆಗೆಯುವ ಕೆಲಸ. ಹೇನು ಮೊಟ್ಟೆ ಇಡುವುದು ಗಟ್ಟಿ ಮೇಲ್ಮೈಯಲ್ಲಿ, ಮೀನಿನ ಮೇಲಲ್ಲ. ಹೊಂಡದ ಸುತ್ತ ಬಿದಿರು ಗಳ, ಹಳೆಯ ಹಲಗೆಗಳನ್ನು ನೆಟ್ಟು ವಾರಕ್ಕೊಮ್ಮೆ ಎತ್ತಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ನೆಡಿ. ಕನಿಷ್ಠ ಒಂದೂವರೆ ತಿಂಗಳು ಬಿಡದೆ ಮಾಡಬೇಕು. ಹೇನಿಗೆಂದು ಮಾರುವ ದ್ರವಗಳು ಬಹುತೇಕ ಕೀಟನಾಶಕಗಳೇ. ಅಳತೆ ಸ್ವಲ್ಪ ತಪ್ಪಿದರೂ ಮೀನೇ ಸಾಯುತ್ತದೆ, ಆದ್ದರಿಂದ ಮೀನುಗಾರಿಕೆ ಇಲಾಖೆಯವರು ಬರೆದುಕೊಟ್ಟ ಪ್ರಮಾಣವಿಲ್ಲದೆ ಮುಟ್ಟಬೇಡಿ.

ಕೊಲಮ್ನಾರಿಸ್ ಮತ್ತು ಹೊರಮೈಯ ಹುಣ್ಣಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಒಳ್ಳೆಯದು, ಆದರೆ ಎಲ್ಲ ಹೊಂಡಕ್ಕೂ ಒಂದೇ ಪ್ರಮಾಣ ಎಂಬುದಿಲ್ಲ. ನೀರಿನ ಕೊಳೆಯೇ ಅದನ್ನು ಮೊದಲು ತಿನ್ನುತ್ತದೆ. ಹೀಗೆ ಅಳೆಯಿರಿ: 1 ಗ್ರಾಂ ಹರಳನ್ನು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಹೊಂಡದ ನೀರು ತುಂಬಿದ ಐದು ಒಂದು ಲೀಟರ್ ಬಾಟಲಿಗಳಿಗೆ ಕ್ರಮವಾಗಿ 1, 2, 3, 4, 5 ಮಿಲಿ ಹಾಕಿ. ಹದಿನೈದು ನಿಮಿಷದ ನಂತರವೂ ಗುಲಾಬಿ ಬಣ್ಣ ಉಳಿದ ಮೊದಲ ಬಾಟಲಿಯ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿ. ಅದು ನಿಮ್ಮ ಹೊಂಡಕ್ಕೆ ಲೀಟರಿಗೆ ಎಷ್ಟು ಮಿಲಿಗ್ರಾಂ ಬೇಕು ಎಂಬ ಅಂದಾಜು. ಮೊದಲ ಬಾಟಲಿಯೇ ಗುಲಾಬಿಯಾಗಿ ಉಳಿದರೆ 2.5 ಮಿಲಿಗ್ರಾಂ, ಅಂದರೆ 6,000 ಘನ ಮೀಟರಿಗೆ 15 ಕಿಲೋ. ಮೂರನೆಯ ಬಾಟಲಿಯವರೆಗೆ ಬಣ್ಣ ಹೋಗಿದ್ದರೆ ಹೊಂಡ ಬಹಳ ಕೊಳೆಯಾಗಿದೆ, ಆ ದುಡ್ಡನ್ನು ನೀರು ಬದಲಿಸಲು ಹಾಕಿ. ಹಾಕುವುದಾದರೆ ಬೆಳಿಗ್ಗೆ ಆಮ್ಲಜನಕ ಏರಿದ ಮೇಲೆ, ಕರಗಿಸಿ, ಹೊಂಡದ ತುಂಬ ಸಮನಾಗಿ. ಪಾಚಿ ಸತ್ತು ಮರುದಿನ ಆಮ್ಲಜನಕ ಬೀಳುತ್ತದೆ, ಏರೇಟರ್ ತಯಾರಿರಲಿ. ಎರೆ ನೆಲದ ಕ್ಷಾರ ನೀರಿನಲ್ಲಿ ಇದು ಕಿವಿರಿನ ಮೇಲೆ ಕಂದು ಪುಡಿಯಾಗಿ ಕೂರಬಹುದು. ಪಿಎಚ್ 9ರ ಹತ್ತಿರವಿದ್ದರೆ ಬೇಡವೇ ಬೇಡ. ಫಾರ್ಮಲಿನ್ ಜೊತೆ ಎಂದೂ ಸೇರಿಸಬಾರದು.

ಹೊಟ್ಟೆಯಲ್ಲಿ ನೀರು ತುಂಬಿ ಸಾವು ಏರುತ್ತಲೇ ಇದ್ದರೆ ಆ್ಯಂಟಿಬಯೋಟಿಕ್ ಬೇಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ಪರೀಕ್ಷೆಯ ವರದಿ ನೋಡಿದ ಪಶುವೈದ್ಯರು ಅಥವಾ ಮೀನುರೋಗ ತಜ್ಞರು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಏರೋಮೊನಾಸ್ ಮೇಲೆ ನಡೆಯುವುದಿಲ್ಲ, ಅದಕ್ಕೆ ಹುಟ್ಟಿನಿಂದಲೇ ಅವುಗಳ ವಿರುದ್ಧ ತಡೆ ಇದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಗುಂಪಿನ ಔಷಧಿಗಳನ್ನು ತಿನ್ನುವ ಮೀನಿಗೆ ಕೊಡುವುದು ನಿಷಿದ್ಧ. ಆಕ್ಸಿಟೆಟ್ರಾಸೈಕ್ಲಿನ್ ಬರೆದುಕೊಟ್ಟರೆ ಅದನ್ನು ಮೇವಿನಲ್ಲೇ ಕೊಡಬೇಕು. ಹೊಂಡಕ್ಕೆ ಸುರಿದರೆ ನಮ್ಮ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಕಟ್ಟಿಹಾಕುತ್ತವೆ, ಹಣ ನೀರುಪಾಲು. ಲೆಕ್ಕ ಮೀನಿನ ತೂಕದ ಮೇಲೆ: ಕಿಲೋ ಮೀನಿಗೆ ದಿನಕ್ಕೆ 75 ಮಿಲಿಗ್ರಾಂ ಎಂದು ಬರೆದಿದ್ದು, ಮೀನು ತೂಕದ ಶೇ. 2ರಷ್ಟು ಮೇವು ತಿನ್ನುತ್ತಿದ್ದರೆ ಕಿಲೋ ಮೇವಿಗೆ 3.75 ಗ್ರಾಂ ಔಷಧಿ ಬೀಳುತ್ತದೆ. ಶೇ. 1ಕ್ಕೆ ಇಳಿದಿದ್ದರೆ 7.5 ಗ್ರಾಂ. ಪೊಟ್ಟಣದ ಪುಡಿಯೆಲ್ಲ ಔಷಧಿಯಲ್ಲ, ಶೇಕಡಾವಾರು ನೋಡಿ ಲೆಕ್ಕ ಸರಿಪಡಿಸಿ. ಕಿಲೋ ಮೇವಿಗೆ 20ರಿಂದ 30 ಮಿಲಿ ಎಣ್ಣೆ ಸವರಿ ನೆರಳಲ್ಲಿ ಆರಿಸಿದರೆ ಔಷಧಿ ನೀರಿನಲ್ಲಿ ತೊಳೆದುಹೋಗುವುದಿಲ್ಲ. ಸಾವು ನಿಂತಿತೆಂದು ನಾಲ್ಕನೆಯ ದಿನ ಬಿಡಬೇಡಿ, ಬರೆದಷ್ಟು ದಿನ ಪೂರ್ತಿ ಕೊಡಿ. ಕೊನೆಯ ಮೇವಿನ ನಂತರ ಕನಿಷ್ಠ 21 ದಿನ ಮಾರಾಟ ಬೇಡ, ಚಳಿಗಾಲದಲ್ಲಿ ಇನ್ನೂ ಹೆಚ್ಚು.

ತಿನ್ನದ ಮೀನಿಗೆ ಮೇವಿನ ಔಷಧಿ ತಲುಪುವುದಿಲ್ಲ ಎಂಬುದನ್ನೂ ನೆನಪಿಡಿ. ಅದು ಕಾಯುವುದು ಇನ್ನೂ ತಿನ್ನುತ್ತಿರುವ ಮೀನನ್ನು. ಆದ್ದರಿಂದ ನಿರ್ಧಾರ ಮೊದಲ ಮೂರು ನಾಲ್ಕು ದಿನದಲ್ಲೇ ಆಗಬೇಕು, ಮಾದರಿಯೂ ಔಷಧಿ ಹಾಕುವ ಮೊದಲೇ ಹೋಗಬೇಕು. ಕಾಯಿಲೆ ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತ ಒಯ್ಯುವುದು ಉತ್ತಮ. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಅಂದೇ ತಲುಪಿಸಿ, ಫ್ರೀಜರ್‌ನಲ್ಲಿ ಇಡಬೇಡಿ. ಜೊತೆಗೆ ಒಂದು ಲೀಟರ್ ನೀರು, ನೀವು ಬರೆದ ಚೀಟಿ. ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಮೊದಲು ತಿಳಿಸಿ. ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ದಾರಿ ಕೇಳಬಹುದು. ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಡೆಯುತ್ತದೆ ಎಂದು ನೋಡುವ ಪರೀಕ್ಷೆಯ ಪರಿಣತಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿದೆ.

ಚೇತರಿಕೆಯ ವಾರಗಳಲ್ಲಿ ಮೇವಿಗೆ ಕಿಲೋಗೆ 500 ಮಿಲಿಗ್ರಾಂನಷ್ಟು ಬೇಗ ಕೆಡದ ರೂಪದ ವಿಟಮಿನ್ ಸಿ ಸೇರಿಸಿ. ಬಿಸಿಯಲ್ಲಿ, ಹಳೆಯ ದಾಸ್ತಾನಿನಲ್ಲಿ ಸಾಮಾನ್ಯ ವಿಟಮಿನ್ ಸಿ ಉಳಿಯುವುದಿಲ್ಲ. ಯೀಸ್ಟಿನ ಬೀಟಾ ಗ್ಲುಕನ್ ಬಿಳಿರಕ್ತಕಣಗಳನ್ನು ಎಚ್ಚರಿಸುತ್ತದೆ. ಕಿಲೋಗೆ 1 ಗ್ರಾಂ, ಎರಡು ಮೂರು ವಾರ ಕೊಟ್ಟು ನಿಲ್ಲಿಸಿ. ತಿಂಗಳುಗಟ್ಟಲೆ ಕೊಟ್ಟರೆ ಅದರ ಪರಿಣಾಮ ತಗ್ಗುತ್ತದೆ. ಗ್ಲುಕನ್ ಕೊಡಬೇಕಾದದ್ದು ರೋಗ ಬಂದ ಮೇಲಲ್ಲ, ಚಳಿ ಬೀಳುವ ಮುನ್ನ ಅಥವಾ ಬಲೆ ಎಳೆಯುವ ಎರಡು ವಾರ ಮೊದಲು.

ನಾಲ್ಕು ದಿನದ ನಂತರವೂ ಸಾವು ಇಳಿಯದಿದ್ದರೆ

ಮದ್ದು ಬದಲಿಸುವ ಮೊದಲು ಮುಂಜಾನೆಯ ಆಮ್ಲಜನಕ, ಮಧ್ಯಾಹ್ನದ ಪಿಎಚ್ ಮತ್ತೆ ಅಳೆಯಿರಿ. ಏರೇಟರ್ ರಾತ್ರಿ ನಿಜವಾಗಿ ತಿರುಗಿತ್ತೇ ನೋಡಿ. ಸತ್ತ ಮೀನನ್ನು ದಿನಕ್ಕೆರಡು ಸಲ ತೆಗೆದಿದ್ದೀರಾ? ತೇಲುವ ಹೆಣ ಇನ್ನೊಂದು ದಿನ ಉಳಿದರೂ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ನೀರಿಗೆ ಇಳಿಯುತ್ತದೆ, ಹಕ್ಕಿಗಳು ಪಕ್ಕದ ಹೊಂಡಕ್ಕೂ ಒಯ್ಯುತ್ತವೆ. ಹೊಂಡದಿಂದ ದೂರ ಮೂರಡಿ ಗುಂಡಿಯಲ್ಲಿ ಸುಟ್ಟ ಸುಣ್ಣ ಹರವಿ ಹೂಳಿ, ಸುಣ್ಣದ ಸರಿಯಾದ ಜಾಗ ಅದು. ಸತ್ತ ಮೀನಿನ ಆಸೆಗೆ ಬರುವ ಆಮೆಗಳನ್ನು ಕೊಲ್ಲುವುದಾಗಲಿ, ಹಿಡಿದಿಟ್ಟುಕೊಳ್ಳುವುದಾಗಲಿ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕೆರೆಯ ಆಮೆಗೆ ರಕ್ಷಣೆ ಇದೆ, ಅವು ಹೆಣ ತಿಂದು ನೀರನ್ನು ಹಗುರವೂ ಮಾಡುತ್ತವೆ.

ಒಂದೇ ಬಲೆಯನ್ನು ಎರಡು ಹೊಂಡಕ್ಕೆ ಬಳಸುತ್ತಿದ್ದರೆ ನಡುವೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಕೊಯ್ದು ನೋಡಿದ ಮೀನುಗಳಲ್ಲಿ ಎರಡು ಬೇರೆ ಬೇರೆ ಚಿತ್ರ ಕಂಡಿದ್ದರೆ, ಒಂದರಲ್ಲಿ ಹೊಟ್ಟೆನೀರು, ಇನ್ನೊಂದರಲ್ಲಿ ಬಿಳಿ ಚುಕ್ಕೆ, ಎರಡು ರೋಗ ಒಟ್ಟಿಗೆ ನಡೆಯುತ್ತಿರಬಹುದು. ಆಗ ಹೊಸ ಮಾದರಿ ಕಳಿಸಬೇಕು.

ಮತ್ತೆ ಮರಿ ಬಿಡುವ ಮುನ್ನ

ಪೂರ್ತಿ ಮೀನು ತೆಗೆದ ಮೇಲೆ ಹೊಂಡ ಬತ್ತಿಸಿ, ತಳ ಬಿರುಕು ಬಿಡುವವರೆಗೆ ಒಣಗಿಸಿ. ಕಾಲುವೆ ನಿಂತ ಬೇಸಿಗೆ ಇದಕ್ಕೆ ಒಳ್ಳೆಯ ಕಾಲ. ಕಪ್ಪು ಕೆಸರು ಅರ್ಧ ಅಡಿಗಿಂತ ಹೆಚ್ಚಿದ್ದರೆ ಮೇಲಿನದನ್ನು ಎತ್ತಿ ಹೊಲಕ್ಕೆ ಹಾಕಿ. ಗೆಂಡೆ ಮಿಶ್ರ ಸಾಕಣೆಗೆ ಎಕರೆಗೆ ಎರಡು ಸಾವಿರ ಬಲಿತ ಮರಿ ಸಾಕು, ಏರೇಟರ್ ಇಲ್ಲದ ಹೊಂಡಕ್ಕೆ ಅದಕ್ಕಿಂತ ಹೆಚ್ಚು ಬೇಡ. ತಂದ ಮರಿಗಳನ್ನು ಶೇ. 2 ಉಪ್ಪುನೀರಿನಲ್ಲಿ, ಅಂದರೆ ಲೀಟರಿಗೆ 20 ಗ್ರಾಂ, ಒಂದೆರಡು ನಿಮಿಷ ಅದ್ದಿ. ಮಗುಚಿಕೊಳ್ಳುವಂತೆ ಕಂಡರೆ ಕೂಡಲೇ ತೆಗೆಯಿರಿ. ಚೀಲವನ್ನು ಹೊಂಡದಲ್ಲಿ ಕಾಲು ಗಂಟೆ ತೇಲಿಸಿ ಬಿಸಿ ಸರಿಹೊಂದಿಸಿ. ಎಲ್ಲವನ್ನೂ ಒಮ್ಮೆಗೇ ತಂದು ಬಿಡದೆ, ಮೊದಲು ಇಪ್ಪತ್ತು ಮರಿಗಳನ್ನು ಸೊಳ್ಳೆಪರದೆಯ ಹಾಪಾದಲ್ಲಿ (ನೀರಿನಲ್ಲಿ ಕಟ್ಟುವ ಬಲೆಪೆಟ್ಟಿಗೆ) ಎರಡು ದಿನ ಇಟ್ಟು ನೋಡಿ. ಎರಡಕ್ಕಿಂತ ಹೆಚ್ಚು ಸತ್ತರೆ ನೀರು ಇನ್ನೂ ತಯಾರಾಗಿಲ್ಲ, ಉಳಿದ ಮರಿಗಳನ್ನು ಮಾರಿದವರ ಹತ್ತಿರವೇ ಒಂದು ವಾರ ಇರಿಸಿಕೊಳ್ಳಲು ಹೇಳಿ.